ಜೆಟ್ ಸ್ಕೀ ಬಿಸಿಯಾಗುತ್ತಿದೆಯಾ? ನೀರಿನ ದಾರಿ ಹಿಡಿದು ಹುಡುಕಿ

ಕಾಸರಗೋಡಿನ ಕುಂಬಳೆ ಅಳಿವೆಯಿಂದ ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ಕಟ್ಟಿದ ದೋಣಿ ಹೊರಡುವುದನ್ನು ನೋಡಿದ್ದೀರಾ? ಹಗ್ಗ ಎಳೆದು ಎಂಜಿನ್ ಶುರುವಾದ ಕೂಡಲೇ ದೋಣಿಯವರು ಒಮ್ಮೆ ಹಿಂದೆ ತಿರುಗುತ್ತಾರೆ. "ಉಚ್ಚೆ ಹೊಯ್ತಾ ಉಂಟಾ?" ಅಂತ ಒಬ್ಬ ಕೇಳಿದರೆ ಇನ್ನೊಬ್ಬ "ಉಂಟು" ಅನ್ನುತ್ತಾನೆ. ಎಂಜಿನ್ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದ್ದರೆ ಒಳಗೆ ತಂಪು ನೀರು ಸುತ್ತುತ್ತಿದೆ ಅಂತ ಲೆಕ್ಕ. ಚಿಮ್ಮದಿದ್ದರೆ ಎಂಜಿನ್ ಬಂದ್. ದೋಣಿ ಹತ್ತಿದ ಮೊದಲ ವಾರವೇ ಹುಡುಗರು ಕಲಿಯುವ ಈ ನೋಟ, ಲಕ್ಷಗಟ್ಟಲೆ ಕೊಟ್ಟು ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಬೈಕು, ತಂದವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ.

ನಾನು ಔಟ್‌ಬೋರ್ಡ್ ರಿಪೇರಿಯಿಂದ ಜೆಟ್ ಸ್ಕೀ ರಿಪೇರಿಗೆ ಬಂದವನು. "ಬಿಸಿಯಾಗ್ತದೆ" ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಎಂಜಿನ್ ಬಿಚ್ಚಬೇಕಾಗಿ ಬಂದದ್ದು ತುಂಬ ಕಡಿಮೆ. ಹೊಯಿಗೆ (ಮರಳು), ಬಲೆಯ ಚೂರು, ಪ್ಲಾಸ್ಟಿಕ್, ಉಪ್ಪು, ಮಡಚಿಕೊಂಡ ಹೋಸ್. ಹೆಚ್ಚಾಗಿ ಇಷ್ಟರಲ್ಲೇ ಕಥೆ ಮುಗಿಯುತ್ತದೆ. ಹಾಗಾಗಿ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಹೇಳುತ್ತೇನೆ.

ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ

ಔಟ್‌ಬೋರ್ಡ್‌ನಲ್ಲಿ ನೀರೆತ್ತಲು ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಇರುವ ಸಣ್ಣ ಪಂಪ್ ಬೇರೆಯೇ ಇರುತ್ತದೆ. ಜೆಟ್ ಸ್ಕೀಯಲ್ಲಿ ಹಾಗಲ್ಲ. ಗಾಡಿಯನ್ನು ಮುಂದಕ್ಕೆ ತಳ್ಳುವ ಜೆಟ್ ಪಂಪೇ ತನ್ನ ಒತ್ತಡದ ಸ್ವಲ್ಪ ನೀರನ್ನು ಒಂದು ಹೋಸ್‌ನಲ್ಲಿ ಎಂಜಿನ್ ಕಡೆಗೆ ಕಳಿಸುತ್ತದೆ. ಅಡಿಯ ಜಾಲರಿ, ಇಂಪೆಲ್ಲರ್, ಅದರ ಹಿಂದೆ ನೀರು ಹೊರಡುವ ಸಣ್ಣ ಕಂಡಿ, ಹೋಸ್, ಎಂಜಿನ್ ಮತ್ತು ಸೈಲೆನ್ಸರ್‌ನ ಒಳದಾರಿ, ಕೊನೆಗೆ ಪಕ್ಕದ ತೂತು ಮತ್ತು ಹಿಂದಿನ ಹೊಗೆ ಕೊಳವೆ. ದಾರಿ ಇಷ್ಟೇ. ಪಂಪ್ ಬಲವಾಗಿ ತಿರುಗಿದರೆ ಜಾಸ್ತಿ ನೀರು, ನಿಧಾನ ತಿರುಗಿದರೆ ಕಡಿಮೆ ನೀರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಡಿಗಳಲ್ಲಿ ಎರಡು ಜಾತಿ. ಯಮಹಾ ವೇವ್‌ರನ್ನರ್ ಮತ್ತು ಕವಾಸಾಕಿಯಲ್ಲಿ ಹೊರಗಿನ ನೀರೇ ಎಂಜಿನ್ ಒಳಗೆ ಸುತ್ತಿ ಹೊರಗೆ ಹೋಗುತ್ತದೆ. (ಜೆಟ್ ಸ್ಕೀ ಅನ್ನುವುದು ಕವಾಸಾಕಿಯವರ ಹೆಸರು. ನಮ್ಮ ಬಾಯಲ್ಲಿ ಈಗ ಎಲ್ಲಕ್ಕೂ ಅದೇ.) ಸೀ-ಡೂ ಹೆಸರಿನ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಕಾರಿನ ಹಾಗೆ ಕೂಲಂಟ್ ಇರುತ್ತದೆ. ಅದು ಒಳಗೊಳಗೇ ಸುತ್ತುತ್ತದೆ. ಕಾರಿಗೆ ಮುಂದೆ ರೇಡಿಯೇಟರ್ ಇದ್ದರೆ ಇದಕ್ಕೆ ಹಿಂದೆ ಅಡಿಯಲ್ಲಿರುವ ಲೋಹದ ರೈಡ್ ಪ್ಲೇಟೇ ರೇಡಿಯೇಟರ್. ಹೊಳೆಯ ನೀರು ಅದಕ್ಕೆ ತಾಗುತ್ತಾ ಹೋದಂತೆ ಕೂಲಂಟ್ ತಣಿಯುತ್ತದೆ. ಆದರೆ ಅಲ್ಲೂ ಸೈಲೆನ್ಸರ್ ತಣಿಸುವುದು ಹೊರಗಿನ ನೀರೇ. "ನಮ್ಮದು ಕೂಲಂಟ್ ಗಾಡಿ, ತೊಳೆಯೋದು ಬೇಡ" ಅನ್ನುವವರು ಇಲ್ಲೇ ಎಡವುವುದು.

ಕೈ ಹಾಕುವ ಮೊದಲು

ಲ್ಯಾನ್ಯಾರ್ಡ್, ಅಂದರೆ ಕೈಗೆ ಕಟ್ಟುವ ಕಿಲ್ ಸ್ವಿಚ್‌ನ ಹಗ್ಗ, ತೆಗೆದು ನಿಮ್ಮ ಕಿಸೆಯಲ್ಲಿ ಇಟ್ಟುಕೊಳ್ಳಿ. ಪಂಪ್ ಒಳಗೆ ಕೈ ಹಾಕುವುದಾದರೆ ಬ್ಯಾಟರಿಯ ನೆಗೆಟಿವ್ ವಯರನ್ನೂ ಬಿಚ್ಚಿ. ನಾನು ಇದರಲ್ಲಿ ಯಾರ ಮಾತನ್ನೂ ನಂಬುವುದಿಲ್ಲ. "ಅಣ್ಣಾ, ನಾನು ಸ್ಟಾರ್ಟ್ ಮಾಡುವುದಿಲ್ಲ" ಅಂತ ಹೇಳಿದ ಹುಡುಗನೇ ಮರೆತು ಬಟನ್ ಒತ್ತುತ್ತಾನೆ.

ಸೀಟು ತೆಗೆದು ಗಾಡಿಯ ಹೊಟ್ಟೆಯೊಳಗೆ ಗಾಳಿ ಆಡಲು ಬಿಡಿ. ಪೆಟ್ರೋಲ್ ವಾಸನೆ ಇದ್ದರೆ ಅದು ಹೋಗುವವರೆಗೆ ಸ್ಟಾರ್ಟ್ ಬೇಡ, ಬೀಡಿ ಸಿಗರೇಟು ಹತ್ತಿರ ಬೇಡ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಿಸಿಯಾದ ಎಂಜಿನ್ ತಾನಾಗಿ ತಣಿಯಲಿ, ಅದರ ಮೇಲೆ ತಣ್ಣೀರು ಸುರಿಯಬೇಡಿ.

ಪಕ್ಕದ ತೂತಿನಿಂದ ನೀರಿಲ್ಲ, ಅಥವಾ ನೂಲಿನಂತೆ ಬರುತ್ತಿದೆ

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಲಕ್ಷಣ ಇದು. ಕೆಲವು ಗಾಡಿಗಳಲ್ಲಿ ತೂತು ಪಕ್ಕದಲ್ಲಿ, ಕೆಲವಲ್ಲಿ ಹಿಂದೆ. ಎಲ್ಲಿದೆ ಅಂತ ಗಾಡಿ ಸರಿ ಇರುವಾಗಲೇ ನೋಡಿಟ್ಟುಕೊಳ್ಳಿ. ನೀರು ಎಷ್ಟು ದೂರ ಬೀಳುತ್ತದೆ ಅಂತಲೂ ಗುರುತಿಟ್ಟುಕೊಳ್ಳಿ. ಫೋನಿನಲ್ಲಿ ಒಂದು ವಿಡಿಯೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. "ಮೊದಲು ಇಷ್ಟೇ ಬರ್ತಿತ್ತಾ?" ಅನ್ನುವ ಜಗಳ ಆಗ ಇರುವುದಿಲ್ಲ.

ನೀರು ಬರದಿದ್ದರೆ ಮೊದಲು ತೂತನ್ನೇ ನೋಡಿ. ಎಂಜಿನ್ ನಿಲ್ಲಿಸಿ, ಮೆತ್ತಗಿನ ನೈಲಾನ್ ದಾರ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಚುಚ್ಚಿ ನೋಡಿ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಕುಂಬಾರ ಹುಳು ಮಣ್ಣು ಮೆತ್ತಿ ಗೂಡು ಕಟ್ಟಿರುವ ಸಾಧ್ಯತೆ ಜಾಸ್ತಿ. ನಗಬೇಡಿ. ಅದಕ್ಕೆ ಬೇಕಾದ್ದು ಬೆಚ್ಚಗಿನ ಜಾಗದಲ್ಲಿ ಒಂದು ಸಣ್ಣ ತೂತು, ಅಷ್ಟೇ.

ತೂತು ಸ್ವಚ್ಛ ಇದ್ದರೆ ಮುಂದಿನದು ಪೈಪ್ ಪರೀಕ್ಷೆ. ನನ್ನ ಮಟ್ಟಿಗೆ ಈ ಕೈಪಿಡಿಯಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ಗಾಡಿಯನ್ನು ದಡಕ್ಕೆ ತಂದು, ತೊಳೆಯಲು ಇರುವ ಕನೆಕ್ಟರ್‌ಗೆ ಬಾವಿ ನೀರಿನ ಪೈಪ್ ಸಿಕ್ಕಿಸಿ. ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಇದು ಅದಲು ಬದಲು ಆದರೆ ನೀರು ಸೈಲೆನ್ಸರ್ ತುಂಬಿ, ಅಲ್ಲಿಂದ ಹಿಂದಕ್ಕೆ ಸಿಲಿಂಡರ್ ಒಳಗೆ ಹೋಗುತ್ತದೆ. ಎಂಜಿನ್ ಓಡುತ್ತಿದ್ದರೆ ಹೊಗೆಯೇ ನೀರನ್ನು ಹೊರಗೆ ದೂಡುತ್ತದೆ. ನಿಂತಿದ್ದರೆ ದೂಡುವವರು ಯಾರೂ ಇಲ್ಲ. ಸ್ಟಾರ್ಟ್ ಮಾಡಿದ ಮೇಲೆ ನೀರು ಬಿಡಲು ತಡ ಮಾಡಬೇಡಿ. ನೀರಿಲ್ಲದೆ 15 ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ ಅನ್ನುತ್ತದೆ ಯಮಹಾದ ಕೈಪಿಡಿ.

ಈಗ ತೂತನ್ನು ನೋಡಿ. ಪೈಪಿನಲ್ಲಿ ನೀರು ಚೆನ್ನಾಗಿ ಚಿಮ್ಮುತ್ತದೆ, ಹೊಳೆಗೆ ಇಳಿಸಿದರೆ ಚಿಮ್ಮುವುದಿಲ್ಲ ಅಂತಾದರೆ ಎಂಜಿನ್ ಒಳದಾರಿ ಸರಿ ಇದೆ. ತೊಂದರೆ ಪಂಪ್ ಕಡೆ: ಜಾಲರಿ, ಇಂಪೆಲ್ಲರ್, ನೀರೆತ್ತುವ ಕಂಡಿ, ಅಲ್ಲಿಂದ ಬರುವ ಹೋಸ್. ಪೈಪಿನಲ್ಲೂ ಸೊರಗಿದಂತೆ ಬರುತ್ತದೆ ಅಂದರೆ ಎಂಜಿನ್ ಕಡೆ ಕಟ್ಟಿದೆ. ಒಂದು ಪೈಪಿನಿಂದ ಅರ್ಧ ಗಾಡಿಯನ್ನು ಅನುಮಾನದಿಂದ ಬಿಟ್ಟಂತಾಯಿತು.

ಆದರೆ ಪೈಪಿನ ಒತ್ತಡವನ್ನು ನೋಡದೆ ತೀರ್ಪು ಕೊಡಬೇಡಿ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ನಮ್ಮ ಒಂದಂತಸ್ತಿನ ಮನೆಗಳ ತಾರಸಿ ಟ್ಯಾಂಕ್ 4 ಮೀಟರ್ ಎತ್ತರದಲ್ಲಿದ್ದರೆ ನಲ್ಲಿಗೆ ಬರುವುದು 0.4 ಬಾರ್ ಮಾತ್ರ. ಅಷ್ಟರಲ್ಲಿ ಸರಿ ಇರುವ ಗಾಡಿಯೂ ನೂಲಿನಂತೆ ಹೊಯ್ಯುತ್ತದೆ. ಬಾವಿ ಪಂಪಿನ ಲೈನಿನಿಂದ ನೇರ ತೆಗೆದುಕೊಂಡು ನಲ್ಲಿಯನ್ನು ಅರ್ಧ ತಿರುಗಿಸಿ. ಪೂರ್ತಿ ತೆರೆದು ಅಬ್ಬರದಲ್ಲಿ ಬಿಡುವುದೂ ಬೇಡ.

ತೊಂದರೆ ಪಂಪ್ ಕಡೆ ಅಂತ ಆದರೆ ಗಾಡಿಯನ್ನು ಟ್ರಾಲಿಗೆ ಹತ್ತಿಸಿ, ಕೆಳಗಿಂದ ಟಾರ್ಚ್ ಹಾಕಿ ಜಾಲರಿ ನೋಡಿ. ಅಳಿವೆಯ ಹತ್ತಿರ ಓಡುವ ಗಾಡಿಗೆ ನೈಲಾನ್ ಬಲೆಯ ಚೂರು, ಹಿನ್ನೀರಿನ ಗಾಡಿಗೆ ಪಾಚಿ ಮತ್ತು ಪ್ಲಾಸ್ಟಿಕ್, ಬೀಚಿನಲ್ಲಿ ಬಾಡಿಗೆಗೆ ಓಡುವ ಗಾಡಿಗೆ ಹೊಯಿಗೆ. ಕಸ ನೋಡಿದರೆ ಗಾಡಿ ಎಲ್ಲಿ ಓಡಿತ್ತು ಅಂತ ಹೇಳಬಹುದು. ಬಲೆಯ ದಾರ ಶಾಫ್ಟಿಗೆ ಸುತ್ತಿದ್ದರೆ ಎಳೆಯಬೇಡಿ, ಸಣ್ಣ ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಎಳೆದಷ್ಟೂ ಅದು ಸೀಲಿನ ಕಡೆಗೆ ಬಿಗಿಯುತ್ತದೆ.

ಜಾಲರಿ ಸ್ವಚ್ಛ ಇದ್ದೂ ನೀರು ಬರದಿದ್ದರೆ ಹೋಸನ್ನು ಎಂಜಿನ್ ಬದಿಯಲ್ಲಿ ಬಿಚ್ಚಿ, ಅಲ್ಲಿಂದ ಪಂಪಿನ ಕಡೆಗೆ ಬಾವಿ ನೀರು ಹಿಮ್ಮುಖವಾಗಿ ಬಿಡಿ. ಎಂಜಿನ್ ಓಡಿಸದೆ ನೀರು ಬಿಡಬಹುದಾದ ಕೆಲಸ ಇದೊಂದೇ. ನೀರು ಹೋಗುವುದು ಎಂಜಿನ್ ಕಡೆಗಲ್ಲ, ಹೊರಗೆ. ಮೊದಲು ಕಪ್ಪು ಹೊಯಿಗೆ, ಆಮೇಲೆ ಕೆಸರು, ಆಮೇಲೆ ತಿಳಿ ನೀರು ಬಂದರೆ ನಿಮ್ಮ ಕಾಯಿಲೆ ಅಲ್ಲೇ ಹೊರಗೆ ಬಿತ್ತು. ಯಮಹಾದಲ್ಲಿ ಪಂಪಿನ ಹತ್ತಿರ ಸಣ್ಣ ಸೋಸುವ ಜಾಲರಿಯೂ ಇರುತ್ತದೆ. ಅದನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆಯಿರಿ.

ಎಂಜಿನ್ ಕಡೆ ಕಟ್ಟಿದ್ದರೆ ಹೋಸ್‌ಗಳ ಮೇಲೆ ಬೆರಳಾಡಿಸಿ ನೋಡಿ. ಬ್ಯಾಟರಿ ಬದಲಿಸುವಾಗ ಅದರ ಕೆಳಗೆ ಹೋಸ್ ಸಿಕ್ಕಿಹಾಕಿಕೊಂಡ ಗಾಡಿಗಳನ್ನು ನಾನೇ ನೋಡಿದ್ದೇನೆ. ಎಲ್ಲಾದರೂ ಮಡಚಿದೆಯಾ, ಒತ್ತಿದರೆ ಬಿಸ್ಕೆಟಿನಂತೆ ಗಟ್ಟಿಯಾಗಿದೆಯಾ, ಹಿಂಡಿದರೆ ಒಳಪದರ ಬೇರೆಯಾಗಿ ಅಲುಗುತ್ತದೆಯಾ ನೋಡಿ. ಒಳಪದರ ಕಿತ್ತ ಹೋಸ್ ಹೊರಗಿನಿಂದ ಹೊಸದರಂತೆ ಕಾಣುತ್ತದೆ, ಒಳಗೆ ಬಾಗಿಲು ಹಾಕಿರುತ್ತದೆ.

ಇಷ್ಟಾಗಿಯೂ ಸರಿಯಾಗದಿದ್ದರೆ ಒಳಗೆ ಉಪ್ಪು ಕಟ್ಟಿರಬಹುದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಬಿಸಿ ಎಂಜಿನ್ ಒಳಗೆ ಅದು ಒಣಗಿ ಪದರ ಪದರವಾಗಿ ಕೂರುತ್ತದೆ. ಇದಕ್ಕೆಂದೇ ಬರುವ ಉಪ್ಪು ಕರಗಿಸುವ ದ್ರಾವಣ ಸಿಗುತ್ತದೆ, ಅದನ್ನೇ ಬಳಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡವೇ ಬೇಡ. ಒಬ್ಬರು ಹಾಕಿದ್ದರು. ಉಪ್ಪೇನೋ ಹೋಯಿತು, ಜೊತೆಗೆ ಅಲ್ಯೂಮಿನಿಯಮ್ಮೂ ಹೋಯಿತು.

ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ, ಜೊತೆಗೆ ಬಿಸಿ

ಎರಡೂ ಒಟ್ಟಿಗೆ ಇದ್ದರೆ ಥರ್ಮೋಸ್ಟಾಟ್ (ಬಿಸಿಗೆ ಬಾಯಿ ತೆರೆದು ನೀರು ಬಿಡುವ ಕವಾಟ) ಬಗ್ಗೆ ಯೋಚಿಸಲೇ ಬೇಡಿ. ಪಂಪ್ ನೀರು ಹಿಡಿಯುತ್ತಿಲ್ಲ. ತಳ್ಳಲು ನೀರಿಲ್ಲದ ಪಂಪ್ ತಣಿಸಲು ನೀರು ಎಲ್ಲಿಂದ ಕೊಟ್ಟೀತು?

ಕಸ ಸಿಕ್ಕಿಕೊಂಡಿದ್ದರೆ ಬೇಗ ಗೊತ್ತಾಗುತ್ತದೆ. ಕಸ ಇಲ್ಲದಿದ್ದರೆ ಇಂಪೆಲ್ಲರ್‌ನ ಅಂಚನ್ನು ನೋಡಿ. ಕಲ್ಲು ನುಂಗಿದ್ದರೆ ಅಂಚು ಮೊಂಡ ಕತ್ತಿಯ ಹಾಗೆ ಕಚ್ಚುಕಚ್ಚಾಗಿರುತ್ತದೆ. ಇಂಪೆಲ್ಲರ್ ಸುತ್ತ ಇರುವ ವೇರ್ ರಿಂಗಿಗೂ ಅಂಚಿಗೂ ನಡುವೆ ಕೂದಲೆಳೆಯಷ್ಟೇ ಜಾಗ ಇರಬೇಕು. 1 ಮಿಲಿಮೀಟರ್ ಹತ್ತಿರ ಬಂದಿದ್ದರೆ ಅದು ಸವೆದಿದೆ, ಬದಲಿಸಬೇಕು. ಪಂಪ್ ಇಳಿಸುವ ಕೆಲಸ ಅಭ್ಯಾಸ ಇಲ್ಲದವರು ಮಾಡಬೇಡಿ.

ಬೀಚಿನಲ್ಲಿ ಓಡುವ ಗಾಡಿಗೆ ಇದು ಬೇಗ ಬರುತ್ತದೆ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಿಡುವುದಿಲ್ಲ: ಮೊಣಕಾಲು ನೀರಿನಲ್ಲೇ ಸ್ಟಾರ್ಟ್ ಮಾಡುವುದು. ಜೆಟ್ ಪಂಪ್ ಅಂದರೆ ನೀರಿನಡಿಯ ವ್ಯಾಕ್ಯೂಮ್ ಕ್ಲೀನರ್ ಇದ್ದ ಹಾಗೆ. ಯಮಹಾದವರು ಕನಿಷ್ಠ 60 ಸೆಂಟಿಮೀಟರ್ ಆಳ ಬೇಕು ಅನ್ನುತ್ತಾರೆ, ಸೀ-ಡೂನವರು 90. ನನ್ನ ಲೆಕ್ಕ ಸೊಂಟದ ಮಟ್ಟ. ಅಲ್ಲಿಯವರೆಗೆ ಕೈಯಲ್ಲಿ ತಳ್ಳಿಕೊಂಡು ಹೋಗಿ.

ನಿಧಾನ ಹೋದರೆ ಅಲಾರಂ, ಅಥವಾ ಜೋರು ಹೋದಾಗ ಮಾತ್ರ ಅಲಾರಂ

ಯಾವಾಗ ಹೊಡೆಯಿತು ಅನ್ನುವುದೇ ಅರ್ಧ ಉತ್ತರ. ನನಗೆ ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದೂ ಇದನ್ನೇ.

ನಿಧಾನ ಹೋಗುವಾಗ ಹೊಡೆದು, ಓಡಿಸಿದ ಕೂಡಲೇ ನಿಂತರೆ ನೀರು ಕಡಿಮೆ ಬೀಳುತ್ತಿದೆ ಅಂತ ಅರ್ಥ. ನಿಧಾನಕ್ಕೆ ಪಂಪಿನ ಒತ್ತಡ ಮೊದಲೇ ಕಡಿಮೆ. ಅರ್ಧ ಕಟ್ಟಿದ ಕಂಡಿ, ಸವೆದ ವೇರ್ ರಿಂಗ್, ಒಳಗಿನ ಉಪ್ಪು ಇವೆಲ್ಲ ಮೊದಲು ಇಲ್ಲಿಯೇ ಕಾಣಿಸುತ್ತವೆ. ಕೂಲಂಟ್ ಗಾಡಿಯಲ್ಲೂ ರೈಡ್ ಪ್ಲೇಟಿಗೆ ತಾಗುವ ನೀರು ಆಗ ಕಡಿಮೆ. ಬಲಿತ ಪಾಚಿ ಅಥವಾ ಪಚ್ಚಿಲೆಯ (ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪುಜೀವಿ) ಮರಿಗಳು ಪ್ಲೇಟಿಗೆ ಹಿಡಿದಿದ್ದರೆ ಶಾಖ ಹೊರಗೆ ಹೋಗುವುದಿಲ್ಲ. ಗಾಡಿಯನ್ನು ದಡಕ್ಕೆ ಎಳೆಯದೆ ವಾರಗಟ್ಟಲೆ ಹಿನ್ನೀರಿನಲ್ಲೇ ಕಟ್ಟಿ ಹಾಕುವವರು ಪ್ಲೇಟಿನ ಅಡಿ ನೋಡಿ. ಪಡನ್ನ, ಚೆರುವತ್ತೂರು ಕಡೆ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುತ್ತಾರೆ. ನಿಮ್ಮ ಗಾಡಿಯೂ ಅದಕ್ಕೆ ಒಂದು ಹಗ್ಗವೇ.

ಜೋರು ಹೋದಾಗ ಮಾತ್ರ ಹೊಡೆಯುವ ಅಲಾರಂ ಇನ್ನೂ ತಲೆ ತಿನ್ನುವಂಥದ್ದು. ಒಂದು ಗಾಡಿ ನನ್ನ ಹತ್ತಿರ ಬರುವ ಹೊತ್ತಿಗೆ ಬೇರೊಂದು ಕಡೆ ಥರ್ಮೋಸ್ಟಾಟ್ ಮತ್ತು ಸೆನ್ಸರ್ ಎರಡೂ ಹೊಸದಾಗಿತ್ತು. ದಡದಲ್ಲಿ ಪೈಪ್ ಹಾಕಿದರೆ ಚೆನ್ನಾಗಿ ಚಿಮ್ಮುತ್ತದೆ. ಹೊಳೆಯಲ್ಲಿ ನಿಧಾನ ಹೋದರೆ ಸರಿ. ಜೋರು ಬಿಟ್ಟ ಎರಡು ನಿಮಿಷಕ್ಕೆ ಕೂಗು. ನನಗೂ ಮೂರು ದಿನ ಹಿಡಿಯಿತು. ಕೊನೆಗೆ ಪಂಪ್ ಬಿಚ್ಚಿದರೆ ನೀರೆತ್ತುವ ಕಂಡಿಯ ಬಾಯಲ್ಲಿ ಗುಟ್ಕಾ ಪೊಟ್ಟಣದ ಅರ್ಧ ಚೂರು. ನಿಧಾನಕ್ಕೆ ಅದು ಪಕ್ಕಕ್ಕೆ ಜೋತು ಬೀಳುತ್ತಿತ್ತು. ಜೋರಾದಾಗ ಒತ್ತಡಕ್ಕೆ ಸರಿಯಾಗಿ ಮುಚ್ಚಳದಂತೆ ಅಂಟಿಕೊಳ್ಳುತ್ತಿತ್ತು. ಹಿಮ್ಮುಖವಾಗಿ ನೀರು ಬಿಟ್ಟು ನೋಡುವ ಕೆಲಸವನ್ನು ನಾನು ಮೊದಲ ದಿನವೇ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಈಗ ಯಾವ ಗಾಡಿ ಬಂದರೂ ಮೊದಲು ಅದನ್ನೇ ಮಾಡುತ್ತೇನೆ.

ಥರ್ಮೋಸ್ಟಾಟ್ ಇರುವ ಗಾಡಿಯಲ್ಲಿ ಅದರ ಮೇಲೆ ಅನುಮಾನ ಬಂದರೆ ಬಿಚ್ಚಿ, ದಾರಕ್ಕೆ ಕಟ್ಟಿ, ಹಳೆಯ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಬಿಸಿ ಮಾಡಿ. ತಳಕ್ಕೆ ತಾಗಬಾರದು. ಅದರ ಮೇಲೆ ಬರೆದಿರುವ ಉಷ್ಣತೆಯ ಹತ್ತಿರ ಬಾಯಿ ತೆರೆಯಬೇಕು, ತಣಿದಾಗ ಮುಚ್ಚಬೇಕು. ತೆರೆಯದಿದ್ದರೆ ಬದಲಿಸಿ. "ತೆಗೆದೇ ಬಿಡುವ, ನಮ್ಮದು ಸೆಖೆಯ ಊರು" ಅನ್ನುವ ಸಲಹೆ ಕೇಳಬೇಡಿ. ಎಂಜಿನ್ ಬೇಕಾದಷ್ಟು ಬಿಸಿಯಾಗದಿದ್ದರೆ ಪೆಟ್ರೋಲ್ ಪೂರ್ತಿ ಉರಿಯದೆ ಎಣ್ಣೆಗೆ ಇಳಿಯುತ್ತದೆ. ಮತ್ತೆ, ಪಾತ್ರೆಯನ್ನು ಅಡುಗೆ ಮನೆಗೆ ವಾಪಸ್ ಕೊಡಬೇಡಿ.

ಸ್ಟಾರ್ಟ್ ಮಾಡಿದ ಕೂಡಲೇ, ತಣ್ಣಗಿರುವಾಗಲೇ ಅಲಾರಂ

ರಾತ್ರಿಯಿಡೀ ನಿಂತ ಎಂಜಿನ್ ಐದು ಸೆಕೆಂಡಿನಲ್ಲಿ ಕಾಯುವುದಿಲ್ಲ. ಮೊದಲು ಮೀಟರ್ ನೋಡಿ, ಅದು ಉಷ್ಣತೆಯ ಚಿಹ್ನೆಯಾ, ಎಣ್ಣೆಯದ್ದಾ ಅಂತ. ಎಣ್ಣೆಯ ಒತ್ತಡದ ಚಿಹ್ನೆಯಾದರೆ ಕೂಡಲೇ ನಿಲ್ಲಿಸಿ, ಅದು ಬೇರೆ ಕಾಯಿಲೆ, ಇದಕ್ಕಿಂತ ದೊಡ್ಡದು.

ಉಷ್ಣತೆಯದ್ದಾದರೆ ಹೆಚ್ಚಾಗಿ ಸೆನ್ಸರ್‌ನ ಕನೆಕ್ಟರ್. ಬಿಚ್ಚಿ ನೋಡಿದರೆ ಒಳಗೆ ಹಸಿರು ಪುಡಿ. ಉಪ್ಪು ಗಾಳಿಗೆ ತಾಮ್ರ ಹಾಗಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ ಹಾಕಿ. ಮೀಟರ್‌ನಲ್ಲಿ ಉಷ್ಣತೆಯ ಅಂಕೆ ತೋರಿಸುವ ಗಾಡಿಯಾದರೆ ತಣ್ಣಗಿರುವಾಗ ಅದು ಹೊರಗಿನ ಹವೆಯ ಹತ್ತಿರ, ನಮ್ಮಲ್ಲಿ 30 ಡಿಗ್ರಿಯ ಆಸುಪಾಸು ಇರಬೇಕು. ನೂರು ತೋರಿಸಿದರೆ ಸುಳ್ಳು ಹೇಳುತ್ತಿರುವುದು ಎಂಜಿನ್ ಅಲ್ಲ, ಸೆನ್ಸರ್.

ಅಲಾರಂನ ವಯರ್ ಕತ್ತರಿಸಿ ಗಾಡಿ ಓಡಿಸುವವರಿದ್ದಾರೆ. ಸೀಸನ್‌ನಲ್ಲಿ ಸಾಲು ನಿಂತಿರುವಾಗ ಆ ಕೂಗು ಕಿರಿಕಿರಿ, ಒಪ್ಪುತ್ತೇನೆ. ಆದರೆ ಕತ್ತರಿಸಿದ ಗಾಡಿ ಬಂದರೆ ನಾನು ವಯರ್ ಜೋಡಿಸಿದ ಮೇಲೆಯೇ ಬೇರೆ ಕೆಲಸಕ್ಕೆ ಕೈ ಹಾಕುವುದು. ಅಲಾರಂ ಹೊಡೆದಾಗ ಎಷ್ಟೋ ಗಾಡಿಗಳು ತಾವಾಗಿಯೇ ವೇಗ ತಗ್ಗಿಸುತ್ತವೆ. ಅದು ಹಾಳಾಗಿ ನಿಧಾನವಾದದ್ದಲ್ಲ, ಉಳಿಯಲು ನಿಧಾನವಾದದ್ದು.

ನೀರಿನ ನಡುವೆ ಇರುವಾಗ ಅಲಾರಂ ಹೊಡೆದರೆ

ಆಕ್ಸಿಲರೇಟರ್ ಬಿಡಿ. ತೂತು ನೋಡಿ. ನೀರು ಬರುತ್ತಿದ್ದರೆ ನಿಧಾನವಾಗಿ ದಡಕ್ಕೆ ತನ್ನಿ. ಬರುತ್ತಿಲ್ಲ ಅಂದರೆ ಎಂಜಿನ್ ನಿಲ್ಲಿಸಿ, ಲ್ಯಾನ್ಯಾರ್ಡ್ ತೆಗೆಯಿರಿ, ಗಾಡಿಯನ್ನು ಕೂತಲ್ಲೇ ಆಚೀಚೆ ಅಲುಗಾಡಿಸಿ. ಪಂಪ್ ನಿಂತಾಗ ಎಳೆತ ಇಲ್ಲದೆ ಪ್ಲಾಸ್ಟಿಕ್ ತಾನಾಗಿ ಕೆಳಗೆ ಬೀಳುವುದುಂಟು. ಅಲೆ ಇಲ್ಲದ ಹಿನ್ನೀರಾದರೆ, ಲೈಫ್ ಜಾಕೆಟ್ ಮೈಮೇಲಿದ್ದರೆ, ಜೊತೆಗೆ ಇನ್ನೊಬ್ಬರಿದ್ದರೆ ಮಾತ್ರ ಇಳಿದು ಜಾಲರಿ ಮುಟ್ಟಿ ನೋಡಬಹುದು. ಅಳಿವೆ ಬಾಗಿಲಿನಲ್ಲಿ, ಇಳಿತದ ಸೆಳೆತ ಇರುವಾಗ, ಇಳಿಯಲೇ ಬೇಡಿ. ಗಾಡಿ ಬಿಟ್ಟು ಈಜುವುದೂ ಬೇಡ. ಮುಳುಗದ ವಸ್ತು ನಿಮ್ಮ ಹತ್ತಿರ ಇರುವುದು ಅದೊಂದೇ.

ದಡ ದೂರ ಇದ್ದರೆ ಕರಾವಳಿ ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554, ಯಾವುದೂ ನೆನಪಾಗದಿದ್ದರೆ 112. ಫೋನನ್ನು ನೀರು ಹೋಗದ ಚೀಲದಲ್ಲಿ ಕುತ್ತಿಗೆಗೆ ಹಾಕಿಕೊಂಡಿದ್ದರೆ ತಾನೇ ಈ ನಂಬರುಗಳ ಉಪಯೋಗ.

ದೋಣಿಯವರು ಎಳೆದು ತರಲು ಬಂದರೆ "ಅಣ್ಣ, ಮೆಲ್ಲ" ಅಂತ ಮೊದಲೇ ಹೇಳಿ. ಜೋರಾಗಿ ಎಳೆದರೆ ಹೊರಗಿನ ನೀರು ಪಂಪಿನ ಮೂಲಕ ತಾನಾಗಿ ನುಗ್ಗಿ, ನಿಂತ ಎಂಜಿನ್ ಒಳಗೆ ತುಂಬುತ್ತದೆ. ಗಂಟೆಗೆ 8 ಕಿಲೋಮೀಟರ್ ದಾಟಬಾರದು, ಅಂದರೆ ದಡದಲ್ಲಿ ಒಬ್ಬ ಮೆಲ್ಲಗೆ ಓಡುವಷ್ಟು. ಪಂಪಿನಿಂದ ಎಂಜಿನ್‌ಗೆ ಬರುವ ಹೋಸನ್ನು ಕ್ಲಾಂಪ್ ಹಾಕಿ ಅಮುಕಿ ಹಿಡಿದರೆ ಇನ್ನೂ ಒಳ್ಳೆಯದು. ದಡಕ್ಕೆ ಬಂದ ಮೇಲೆ ಅದನ್ನು ತೆಗೆಯಲು ಮರೆತರೆ ಮತ್ತೆ ಇದೇ ಕೈಪಿಡಿ ಓದಬೇಕಾಗುತ್ತದೆ.

ಕೂಲಂಟ್ ಇಳಿಯುತ್ತಿದೆ

ಸೀ-ಡೂ ಇಟ್ಟುಕೊಂಡವರಿಗೆ ಮಾತ್ರ. ಎಂಜಿನ್ ಪೂರ್ತಿ ತಣಿದ ಮೇಲೆಯೇ ಮುಚ್ಚಳ ತೆರೆಯಿರಿ. ಬಿಸಿ ಇರುವಾಗ ತೆರೆದರೆ ಮುಖಕ್ಕೆ ಹಾರುತ್ತದೆ. ಮಟ್ಟ ಒಮ್ಮೆ ಸ್ವಲ್ಪ ಇಳಿದಿದ್ದರೆ ತುಂಬಿಸಿ, ಗೆರೆ ಎಳೆದು ಗುರುತು ಹಾಕಿ. ವಾರದಲ್ಲಿ ಮತ್ತೆ ಇಳಿದರೆ ಎಲ್ಲೋ ಹೋಗುತ್ತಿದೆ. ಹೋಸಿನ ಜೋಡಣೆಗಳಲ್ಲಿ ಬಣ್ಣದ ಕಲೆ, ಗಾಡಿಯ ಹೊಟ್ಟೆಯಲ್ಲಿ ಸಿಹಿ ವಾಸನೆ ಇದೆಯಾ ನೋಡಿ. ಎಲ್ಲೂ ಕಾಣದಿದ್ದರೆ ರೈಡ್ ಪ್ಲೇಟ್. ಬಂಡೆಯ ಮೇಲೆ ಎಳೆದ ಗಾಡಿಯಲ್ಲಿ ಅದು ಸೀಳಿರಬಹುದು. ಅಲ್ಲೂ ಇಲ್ಲದಿದ್ದರೆ ಎಂಜಿನ್ ಒಳಗೇ ಹೋಗುತ್ತಿದೆ, ಓಡಿಸುವುದು ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗಿ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಕೂಲಂಟ್ ಯಾಕೆ, ಬಾವಿ ನೀರು ಸಾಕು ಅನ್ನುವವರಿದ್ದಾರೆ. ಕೂಲಂಟ್ ಇರುವುದು ಹೆಪ್ಪುಗಟ್ಟದಿರಲು ಮಾತ್ರ ಅಲ್ಲ. ಅದು ಕುದಿಯುವ ಉಷ್ಣತೆಯನ್ನು ಮೇಲೇರಿಸುತ್ತದೆ, ಒಳಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿ. ನೀರು ಬೆರೆಸುವ ಜಾತಿಯಾದರೆ ಡಿಸ್ಟಿಲ್ಡ್ ವಾಟರ್.

ಸುಟ್ಟ ರಬ್ಬರಿನ ವಾಸನೆ, ಹಿಂದಿನಿಂದ ದಟ್ಟ ಹಬೆ

ಇಲ್ಲಿ ಪರೀಕ್ಷೆ ಇಲ್ಲ, ನಿಲ್ಲಿಸುವುದು ಮಾತ್ರ. ನೀರು ನಿಂತರೆ ಮೊದಲು ಸುಡುವುದು ಸೈಲೆನ್ಸರ್‌ನ ರಬ್ಬರ್ ಹೋಸ್ ಮತ್ತು ಪ್ಲಾಸ್ಟಿಕ್ ವಾಟರ್ ಬಾಕ್ಸ್. ಎಂಜಿನ್ ಆಮೇಲೆ. ತಣಿದ ಮೇಲೆ ಸೀಟು ತೆಗೆದು ನೋಡಿದರೆ ಹೋಸ್ ಹೊಳಪು ಕಳೆದು ಬಿರುಕು ಬಿಟ್ಟಿರುತ್ತದೆ, ಅಥವಾ ಬಾಕ್ಸ್ ಒಂದು ಬದಿ ಕುಗ್ಗಿರುತ್ತದೆ. ನೀರಿನ ದಾರಿ ಸರಿ ಮಾಡಿ ಇವನ್ನು ಹಾಗೇ ಬಿಟ್ಟರೆ ಮುಂದಿನ ಸವಾರಿಯಲ್ಲಿ ಬಿಸಿ ಹೊಗೆ ಮತ್ತು ನೀರು ಎರಡೂ ಗಾಡಿಯ ಹೊಟ್ಟೆಗೇ ಬರುತ್ತವೆ. ಹಳೆಯ ಟೂ ಸ್ಟ್ರೋಕ್ ಗಾಡಿಯಾದರೆ ಸಿಲಿಂಡರ್‌ನ ಕಂಪ್ರೆಷನ್ ಕೂಡ ಅಳೆಸಿ. ಅದರ ಪಿಸ್ಟನ್ ಬಿಸಿಗೆ ಬೇಗ ಕಚ್ಚಿಕೊಳ್ಳುತ್ತದೆ.

ಗಾಡಿಯ ಹೊಟ್ಟೆಯಲ್ಲಿ ನೀರು

ಹಿಂದಿನ ಡ್ರೇನ್ ಪ್ಲಗ್ ಹಾಕಿದ್ದೀರಾ? ಬೇಜಾರು ಮಾಡಿಕೊಳ್ಳಬೇಡಿ, ಕೇಳಲೇಬೇಕು.

ಹಾಕಿದ್ದರೂ ನೀರು ಬಂದರೆ ತಣಿಸುವ ಹೋಸ್ ಎಲ್ಲೋ ಕಳಚಿದೆ. ಪಂಪ್ ತಳ್ಳಿದ ನೀರು ಎಂಜಿನ್‌ಗೆ ಹೋಗದೆ ನೇರ ಹೊಟ್ಟೆಗೆ. ಗಾಡಿ ಬಿಸಿಯೂ ಆಗುತ್ತದೆ, ಮುಳುಗಲೂ ಹೊರಡುತ್ತದೆ. ದಡದಲ್ಲಿ ಪೈಪ್ ಹಾಕಿ ಓಡಿಸಿದರೆ ಎಲ್ಲಿ ಸೋರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ತೊಂಬತ್ತು ಪಾಲು ಕ್ಲಾಂಪ್. ಪೇಟೆಯ ಸಾಮಾನು ಅಂಗಡಿಯ ಅಗ್ಗದ ಕ್ಲಾಂಪ್ ಉಪ್ಪು ನೀರಿಗೆ ಒಂದು ಮಳೆಗಾಲ ತಡೆಯುವುದಿಲ್ಲ. 316 ಅಂತ ಬರೆದಿರುವ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತನ್ನಿ. ಹೋಸ್ ಎಲ್ಲ ಸರಿ ಇದ್ದು ಶಾಫ್ಟ್ ಒಳಗೆ ಬರುವಲ್ಲಿ ಸೋರಿದರೆ ಅದು ಸೀಲ್. ಅದು ನಿಮ್ಮ ಕೆಲಸವಲ್ಲ.

ಎಣ್ಣೆ ಹಾಲು ಹಾಕಿದ ಚಹಾದ ಬಣ್ಣ

ಡಿಪ್‌ಸ್ಟಿಕ್ ತೆಗೆದಾಗ ಎಣ್ಣೆ ಹೀಗೆ ಕಂಡರೆ ನೀರು ಸೇರಿದೆ. ಸ್ಟಾರ್ಟ್ ಮಾಡಬೇಡಿ. "ಒಮ್ಮೆ ನೋಡುವ" ಅಂತಲೂ ಬೇಡ. ಸ್ಟಾರ್ಟರ್ ಒತ್ತಿದಾಗ ಟಕ್ ಅಂತ ಒಂದೇ ಶಬ್ದ ಬಂದು ಎಂಜಿನ್ ತಿರುಗದಿದ್ದರೂ ಇದೇ ಅನುಮಾನ. ಸಿಲಿಂಡರ್‌ನಲ್ಲಿ ನೀರು ನಿಂತಿದೆ. ನೀರು ಗಾಳಿಯ ಹಾಗೆ ಅಮುಕಿಸಿಕೊಳ್ಳುವುದಿಲ್ಲ. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಕಾರಣ ಹೆಚ್ಚಾಗಿ ನಾಲ್ಕರಲ್ಲಿ ಒಂದು: ತೊಳೆಯುವಾಗ ನೀರು ಮೊದಲು ಬಿಟ್ಟದ್ದು, ಜೋರಾಗಿ ಎಳೆದು ತಂದದ್ದು, ಮಗುಚಿದ ಗಾಡಿಯನ್ನು ಸ್ಟಿಕ್ಕರ್‌ನಲ್ಲಿ ತೋರಿಸಿದ ದಿಕ್ಕಿಗೆ ವಿರುದ್ಧವಾಗಿ ಎಬ್ಬಿಸಿದ್ದು, ಇಲ್ಲವೇ ಸಿಲಿಂಡರ್ ತಲೆಯಡಿಯ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹಾಳಾದದ್ದು. ಯಾವುದೇ ಆಗಲಿ, ಅದೇ ದಿನ ಮೆಕ್ಯಾನಿಕ್ ಹತ್ತಿರ ತಲುಪಬೇಕು. ಉಪ್ಪು ನೀರು ಹೊಕ್ಕ ಬೇರಿಂಗ್‌ಗೆ ತುಕ್ಕು ಶುರುವಾಗಲು ಕೆಲವು ಗಂಟೆ ಸಾಕು. ಭಾನುವಾರ ನೀರು ಹೊಕ್ಕ ಗಾಡಿಯನ್ನು ಮುಂದಿನ ಶನಿವಾರ ತಂದವರಿಗೆ ನಾನು ಕೊಟ್ಟ ಬಿಲ್ಲು ನೆನೆಸಿದರೆ ನನಗೇ ಪಾಪ ಅನಿಸುತ್ತದೆ.

ಓಡಿಸಿದ ದಿನ ತೊಳೆಯುವುದು, ಮಳೆಗಾಲಕ್ಕೆ ಎತ್ತಿಡುವುದು

ಉಪ್ಪು ನೀರಿನಲ್ಲಿ ಓಡಿಸಿದ ಪ್ರತಿ ದಿನ ಸಂಜೆ ಸುಮಾರು 3 ನಿಮಿಷ ತೊಳೆಯಿರಿ. ಕ್ರಮ ಮೇಲೆ ಹೇಳಿದ್ದೇ. ಸೀ-ಡೂದಲ್ಲಿ ದಡದ ಮೇಲೆ ಎಷ್ಟು ಹೊತ್ತು ಓಡಿಸಬಹುದು ಅನ್ನುವುದಕ್ಕೆ ಮಿತಿ ಇದೆ. ರೈಡ್ ಪ್ಲೇಟಿಗೆ ನೀರು ತಾಗುವುದಿಲ್ಲ, ಶಾಫ್ಟ್ ಸೀಲಿಗೂ ನೀರಿಲ್ಲ. ನಿಮ್ಮ ಮಾಡೆಲಿನ ಪುಸ್ತಕದಲ್ಲಿರುವಷ್ಟೇ ಓಡಿಸಿ.

ತೊಳೆಯುವ ನೀರು ಸಿಹಿ ನೀರೇ ಅಂತ ಗ್ಯಾರಂಟಿ ಇದೆಯಾ? ಕಡಪ್ಪುರದ, ಅಂದರೆ ಕಡಲ ತಡಿಯ, ಎಷ್ಟೋ ಬಾವಿಗಳಲ್ಲಿ ಏಪ್ರಿಲ್ ಹೊತ್ತಿಗೆ ಉಪ್ಪು ಬರುತ್ತದೆ. ಬಾವಿಕ್ಕರೆಯಲ್ಲಿ ಪಯಸ್ವಿನಿ ಹೊಳೆಗೆ ಉಪ್ಪು ನೀರು ತಡೆಯುವ ಕಟ್ಟೆ, ಅಂದರೆ ರೆಗ್ಯುಲೇಟರ್, ಆಗುವ ಮೊದಲು ಬೇಸಿಗೆಯಲ್ಲಿ ಕಾಸರಗೋಡು ಪೇಟೆಯ ನಲ್ಲಿಗಳಲ್ಲೇ ಉಪ್ಪು ನೀರು ಬರುತ್ತಿತ್ತು, ನೆನಪಿದೆಯಲ್ವಾ? ನಾಲಗೆಗೆ ಉಪ್ಪು ತಾಗಿದರೆ, ಸೋಪು ಹಚ್ಚಿದರೆ ನೊರೆ ಏಳದಿದ್ದರೆ, ಆ ನೀರು ಬೇಡ. ಮಳೆ ನೀರು ಹಿಡಿದಿಟ್ಟ ಟ್ಯಾಂಕ್ ಇದ್ದರೆ ಸಣ್ಣ ಪಂಪ್ ಹಾಕಿ ಅದನ್ನೇ ಬಳಸಿ.

ಜೂನ್ 9ರಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ. ಯಾಂತ್ರಿಕ ದೋಣಿಗಳು ದಡ ಸೇರುವ ಹೊತ್ತಿಗೆ ನಾನೂ ಜೆಟ್ ಸ್ಕೀಗಳನ್ನು ಮೇಲೆತ್ತಿಸುತ್ತೇನೆ. ಸೆಪ್ಟೆಂಬರ್‌ವರೆಗೂ ಅವುಗಳಿಗೆ ಕೆಲಸ ಇಲ್ಲ. ಎತ್ತಿಡುವ ಮುನ್ನ ಚೆನ್ನಾಗಿ ತೊಳೆದು, ನೀರು ಬಂದ್ ಮಾಡಿ, ಕೆಲವು ಸೆಕೆಂಡು ಆಕ್ಸಿಲರೇಟರ್ ಬಿಟ್ಟು ಹಿಡಿದು ಉಳಿದ ನೀರನ್ನು ಹೊರಗೆ ಊದಿಸಿ. ಮೂತಿಯನ್ನು ಸ್ವಲ್ಪ ಎತ್ತರಕ್ಕಿಟ್ಟು ಡ್ರೇನ್ ಪ್ಲಗ್ ತೆಗೆದಿಡಿ. ಎಂಜಿನ್‌ನಲ್ಲಿ ಆನೋಡ್ ಇರುವ ಮಾಡೆಲ್ ಆದರೆ ಅದು ಎಷ್ಟು ಸವೆದಿದೆ ಅಂತ ಈಗಲೇ ನೋಡಿ. ಎಂಜಿನ್ ಬದಲಿಗೆ ತುಕ್ಕು ತಿನ್ನಲಿ ಅಂತಲೇ ಇಟ್ಟ ತುಂಡು ಅದು, ಅರ್ಧ ಮುಗಿದಿದ್ದರೆ ಹೊಸದು ಹಾಕಿ. ಪಕ್ಕದ ತೂತಿಗೂ ತೊಳೆಯುವ ಕನೆಕ್ಟರ್‌ಗೂ ಬಟ್ಟೆಯ ಚೂರು ತುರುಕಿ, ಅದಕ್ಕೊಂದು ಕೆಂಪು ರಿಬ್ಬನ್ ಕಟ್ಟಿ ಹೊರಗೆ ಜೋತಾಡಲು ಬಿಡಿ. ಕುಂಬಾರ ಹುಳು ಒಳಗೆ ಹೋಗಬಾರದು, ಅಕ್ಟೋಬರಿನಲ್ಲಿ ಸ್ಟಾರ್ಟ್ ಮಾಡುವವನಿಗೆ ಬಟ್ಟೆ ಇದೆ ಅಂತ ದೂರದಿಂದಲೇ ಕಾಣಬೇಕು.